ಅದಲುಬದಲು

ಒಂಬತ್ತು ವರ್ಷದ ಮೇಲೆ ಡೆನ್ಜಿಲ್ ಫೋನು ಮಾಡಿದ.
ಯಾರೋ ಸತ್ತಿರಬೇಕು ಅಂದುಕೊಂಡೆ.
"ಕೆರೆನ್ಸಾ, ನಿನ್ನ ವೋಟು ನನಗೆ ಕೊಡು,
ನನ್ನದು ನೀನು ತಗೋ" ಎಂದ.

ಲೆಕ್ಕ ಇಷ್ಟೇ:
ಕಾರ್ನ್‌ವಾಲಿನ ಈ ಮೂಲೆ ಬಂದರಿನಲ್ಲಿ
ನನ್ನ ಹಸಿರು ಪಕ್ಷಕ್ಕೆ ಬೀಳುವುದು
ಒಂದು ಬಸ್ಸು ತುಂಬುವಷ್ಟು ಜನ,
ಅದೂ ಕೂತವರು ಮಾತ್ರ.
ಅವನಿರುವ ಬ್ರಿಸ್ಟಲಿನಲ್ಲಿ ಹಸಿರಿಗೆ ಗೆಲ್ಲುವ ಕಳೆ.
ಅವನ ಹಳದಿಗೆ ಅಲ್ಲಿ ಠೇವಣಿಯೂ ದಕ್ಕದು,
ಇಲ್ಲಾದರೆ ನೀಲಿಯ ಹೆಗಲಿಗೆ ಹೆಗಲು.
ಇಲ್ಲಿ ನಾನು ಅವನ ಪರವಾಗಿ,
ಅಲ್ಲಿ ಅವನು ನನ್ನ ಪರವಾಗಿ.
ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ನಮ್ಮ ಮದುವೆಯಲ್ಲಿ
ಹಾವು ಬದುಕಿತು, ಕೋಲು ಮುರಿಯಿತು.

ನಾಯಕರನ್ನು ತೂಗುವುದು ನನಗೆ ಹೊಸತಲ್ಲ.
ಇಪ್ಪತ್ತೊಂದು ವರ್ಷ ದಕ್ಕೆಯ ಮೇಲೆ ಮೀನು ತೂಗಿದವಳು;
ಕಣ್ಣು ಒತ್ತಿ ನೋಡುತ್ತೇನೆ,
ಕಿವಿರು ಎತ್ತಿ ನೋಡುತ್ತೇನೆ,
ಕೆಂಪಗಿದ್ದರೆ ತಾಜಾ.
ನೀಲಿಯವನು ಬಂದಿದ್ದ ಹೋದ ಬುಧವಾರ,
ಹೊಸ ರಬ್ಬರ್ ಬೂಟು, ಹಿಮ್ಮಡಿಯಲ್ಲಿನ್ನೂ ಬೆಲೆಚೀಟಿ.
ಒಂದು ಮ್ಯಾಕೆರೆಲ್ ಎತ್ತಿಕೊಂಡು ಫೋಟೊಗೆ ನಕ್ಕ,
ಮೈಕು ಹಿಡಿದ ಹಾಗೆ ಹಿಡಿದು.
ಕೆಂಪಿನವಳು ಟಿವಿಯಲ್ಲಿ ಪ್ರತಿ ಪ್ರಶ್ನೆಗೂ
ಬೇರೆ ಪ್ರಶ್ನೆಯ ಉತ್ತರ ಕೊಡುತ್ತಾಳೆ, ಅಚ್ಚುಕಟ್ಟಾಗಿ.
ಹಳದಿಯವನ ಹೆಸರು ಮರೆತೇ ಹೋಗುತ್ತದೆ ನನಗೆ;
ಒಳ್ಳೆಯವನಿರಬೇಕು.
ನನ್ನ ಹಸಿರಿನವಳು ನಿಜ ಹೇಳುತ್ತಾಳೆ.
ಗೆಲ್ಲುವ ಭಯ ಇಲ್ಲದವರಿಗೆ ನಿಜ ಸಲೀಸು.

ಪಕ್ಕದ ಮನೆಯ ಮಿಸಸ್ ಟ್ರೆಗೆಲಸ್, ಎಂಬತ್ತಾರು,
ಬೇಲಿಯಾಚೆ ಬಟ್ಟೆ ಹರವುತ್ತ ಹೇಳಿದರು:
"ಬೇಕಾದವರಿಗೆ ಹಾಕಿದ್ದು ಮೊದಲನೇ ಸಲ ಮಾತ್ರ.
ಆಮೇಲೆಲ್ಲ ಬೇಡದವರನ್ನು ತಡೆಯುವುದಕ್ಕೇ.
ಏನು ಮಹಾ? ಮನೆ ಗುಡಿಸೋದೂ ಹಾಗೇ."
ಎಂದು ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡರು.

ಆದರೆ ಡೆನ್ಜಿಲ್‌ನ ಮಾತು!
ವ್ಯಾನು ಮಾರಿದೆ ಎಂದವನು ಮಾರಿರಲಿಲ್ಲ.
ಕುಡಿದಿಲ್ಲ ಎಂದ ರಾತ್ರಿ ಕುಡಿದಿದ್ದ.
ಪ್ಲಿಮತ್‌ನಲ್ಲಿ ಯಾರೂ ಇಲ್ಲ ಎಂದಿದ್ದ, ಇದ್ದಳು.
ನಾನೇನು ಕಡಿಮೆ?
ಅವನ ತಾಯಿಯ ಉಂಗುರ ಸಿಂಕಿನಲ್ಲಿ ಹೋಯಿತು ಅಂದಿದ್ದೆ,
ಈಗಲೂ ಗುಂಡಿಗಳ ಡಬ್ಬಿಯಲ್ಲಿದೆ.
ಇಂಥ ಇಬ್ಬರು, ಸಾಕ್ಷಿಯಿಲ್ಲದ ಗೂಡಿನೊಳಗೆ,
ಕೊಟ್ಟ ಮಾತು ಉಳಿಸಿಕೊಳ್ಳಬೇಕಂತೆ.

"ಫೋಟೊ ತೆಗೆದು ಕಳಿಸಲಾ?" ಎಂದ.
"ಒಳಗೆ ಬಿಡೋದಿಲ್ಲ ಅದನ್ನೆಲ್ಲ" ಎಂದೆ.
ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ,
ಕುದಿಯುವ ಕೆಟಲಿನ ಸದ್ದು. ನನ್ನದೇ ಕೆಟಲು ಅದು.
"ಹಾಗಾದರೆ ನಂಬಬೇಕು" ಎಂದ,
ಅಪರಿಚಿತ ಸ್ಟೇಷನ್ನಿನ ಫಲಕ ಓದುವವನ ಹಾಗೆ.

ಗುರುವಾರ. ಮೆಥಡಿಸ್ಟ್ ಚಾಪೆಲಿನ ಹಜಾರ.
ಬಾಗಿಲಲ್ಲಿ ಯಾರದೋ ನಾಯಿ ಕಟ್ಟಿಹಾಕಿದೆ.
ದಾರಕ್ಕೆ ಬಿಗಿದ ಮೊಂಡು ಪೆನ್ಸಿಲು.
ಏಳು ಹೆಸರು.
ಹಸಿರಿನ ಎದುರಿನ ಖಾಲಿ ಚೌಕ ನನ್ನನ್ನೇ ನೋಡಿತು,
ಕರೆದೊಯ್ಯಲು ತಡವಾದಾಗ
ಶಾಲೆಯ ಗೇಟಿನಿಂದ ಮಗು ನೋಡುವ ಹಾಗೆ.
ಹಳದಿಯ ಎದುರು ಎಳೆದೆ ಅಡ್ಡಡ್ಡ ಎರಡು ಗೀಟು.
ಒಂದು ಆ ಹೊಸ ಬೂಟಿಗೆ.
ಇನ್ನೊಂದು ಯಾತಕ್ಕೋ, ಗೊತ್ತಿಲ್ಲ.

ಬೆಳಗಿನ ಜಾವ ಇಲ್ಲಿ ನೀಲಿಯೇ ಗೆದ್ದ,
ನೂರಾ ಹನ್ನೆರಡು ವೋಟಿನಲ್ಲಿ.
ಅಲ್ಲಿ ಹಸಿರು ಗೆದ್ದಿತು, ಸಾವಿರಗಳಲ್ಲಿ;
ಡೆನ್ಜಿಲ್ ಹಾಕಿದ್ದರೂ ಗೆಲ್ಲುತ್ತಿತ್ತು, ಹಾಕದಿದ್ದರೂ.

ಐದೂ ಕಾಲಿಗೆ ಮೆಸೇಜು: "ಹಾಕಿದೆ."
ಮತ್ತೇನೂ ಇಲ್ಲ.
ದಕ್ಕೆಗೆ ಹೊರಟವಳು ಕತ್ತಲಲ್ಲೇ ನಿಂತು
ಆ ಒಂದು ಪದವನ್ನು ಅಂಗೈಯಲ್ಲಿಟ್ಟು ತೂಗಿದೆ,
ಕಣ್ಣು ಒತ್ತಿದೆ,
ಎತ್ತಿ ನೋಡಿದೆ ಕಿವಿರು.
ಕೆಂಪಗಿತ್ತು.