ಎರಡು ಗೇಣು

ನಮ್ಮಿಬ್ಬರ ನಡುವೆ ಬೇಲಿಯಿಲ್ಲ.
ಡುಲೂತಿನ ಈ ಬೀದಿಯಲ್ಲಿ ಹುಲ್ಲೇ ಗಡಿ.
ಏಪ್ರಿಲ್ ಕೊನೆಗೆ ಹಿಮ ಕರಗಿ
ಒಂಟಿ ಕೈಗವಸು, ನಾಯಿಯ ಚೆಂಡು
ಕಂದು ಹುಲ್ಲಿನೊಳಗಿಂದ ತಲೆಯೆತ್ತುವ ಹೊತ್ತಿಗೆ
ಟೋರ್ವಾಲ್ಡ್ ದಾರ ಹಿಡಿದು ಬರುತ್ತಿದ್ದ,
ಗೂಟ ಬಡಿಯುತ್ತಿದ್ದ.

ಮೂವತ್ತು ವರ್ಷ ಹಡಗಿಗೆ ಅದಿರು ತುಂಬಿಸಿದವ,
ಅಳತೆ ತಪ್ಪುವ ಆಸಾಮಿಯಲ್ಲ.
ಆದರೂ ಅವನ ಯಂತ್ರ ಪ್ರತಿ ಶನಿವಾರ
ನನ್ನ ಕಡೆ ಎರಡು ಗೇಣು ಹೆಚ್ಚೇ ಕೊಯ್ಯುತ್ತಿತ್ತು.
ನನ್ನ ಡ್ಯಾಂಡೆಲಿಯನ್ ಬೀಜ
ಗಾಳಿ ಹಿಡಿದು ಅವನಲ್ಲಿಗೇ ಹೋಗುತ್ತಿತ್ತು;
ನಾನೇನು ಊದಿ ಕಳಿಸಿದ್ದಲ್ಲ.
ಜುಲೈ ಪೂರ್ತಿ ಮಾತಿಲ್ಲ.
ಸೆಪ್ಟೆಂಬರಿಗೇ ಇಬ್ಬನಿ ಹೆಪ್ಪುಗಟ್ಟಿ
ಟೊಮೆಟೊ ಕಾಯಾಗಿಯೇ ಕಾಗದ ಸೇರಿತು.
ಮೇಪಲ್ ಮಾತ್ರ ಯಾರನ್ನೂ ಕೇಳದೆ
ಎರಡೂ ಕಡೆ ಉದುರಿತು.

ಈ ಮೇ, ಸೊಂಟ ಮುರಿದುಕೊಂಡು
ಕಿಟಕಿಗೆ ಆತು ಕೂತಿದ್ದಾನೆ.
ಅವನ ಹುಲ್ಲು ಮೊಣಕಾಲಿಗೆ ಬಂದಿತ್ತು.
ಹಗ್ಗ ಎಳೆದೆ. ಮೂರನೇ ಸಲಕ್ಕೆ ಗುರ್ರೆಂದಿತು.
ಅವನ ಕಡೆಗೆ ಎರಡು ಗೇಣು.
ಮತ್ತೆರಡು. ಮತ್ತೆ,
ಅವನ ಮೆಟ್ಟಿಲು ಸಿಗುವ ತನಕ.

ತಲೆಯೆತ್ತಿದರೆ
ಗಾಜಿನ ಹಿಂದೆ ಬೆರಳು ಮಾಡುತ್ತಿದ್ದಾನೆ:
ಅಲ್ಲಿ, ಅಲ್ಲೊಂದು ಗೆರೆ ಬಿಟ್ಟಿದ್ದೀಯ.