ಮೂರನೇ ಟೇಕ್

ಬನಹಟ್ಟಿಯೊಳಗ ಹಾಡು ಹಿಡಿಯೂದು ಸಸಾರ ಅಲ್ಲ.
ಕರೆಂಟಿದ್ರ ಸುತ್ತೆಲ್ಲ ಮಗ್ಗ ಬಡೀತಾವ,
ಮಗ್ಗ ನಿಂತ್ರ ಕರೆಂಟಿಲ್ಲ.
ಅದಕ್ಕ ಬ್ಯಾಟರಿ, ರಾತ್ರಿ ಒಂದೂವರಿ,
ಗೋಡಿಗೆ ಕೌದಿ, ಬಾಗಿಲ ಸಂದಿಗೆ ಹತ್ತಿ.

ಪಲ್ಲವಿ ನಂದು. ನೂಲಿನ ಬಿಲ್ಲಿನ ಬೆನ್ನಿಗೆ ಬರದದ್ದು.
ಹನ್ನೊಂದು ಸಲ ಹೊಡದು ಹಾಕಿ
ಉಳದದ್ದು ಒಂದ ಅಕ್ಷರ: ನೀ.

ಮುಬೀನಾ ಹೆಡ್‌ಫೋನ್ ಏರಿಸಿ ಕಣ್ಣು ಮುಚ್ಚಿದ್ಲು.
ಮೊದಲನೇ ಟೇಕಿಗೆ ನಾಯಿ.
ಎರಡನೇದಕ್ಕ ಪ್ರಭುಲಿಂಗನ ಕೆಮ್ಮು.
ಮೂರನೇದಕ್ಕ, ನೀ ಅನ್ನೂ ಮುಂಚೆ,
ಸಣ್ಣದೊಂದು ಉಸಿರು ತಗೊಂಡ್ಲು,
ಮುಚ್ಚಿದ ಕಣ್ಣಾಗ ಯಾರೋ ಬಂದು ನಿಂತಂಗ.
ನಾನಂತೂ ಕೌದಿ ಹಿಂದ ಇದ್ದೆ.

“ಉಸಿರು ಕತ್ತರಸಲೇನ?” ಪ್ರಭುಲಿಂಗ ಕೇಳಿದ.
ಬ್ಯಾಡ, ಇರಲಿ ಅಂದೆ.
ಹಾಡಿನ್ಯಾಗ ಅದೊಂದ
ನಾ ಬರದದ್ದಲ್ಲ.

ಕರೆಂಟ್ ಬಂತು.
ಓಣಿ ತುಂಬ ಮಗ್ಗ.