ಹತ್ತು ಪಟ್ಟು

ವಿರಾಜಪೇಟೆ ಗಡಿಯಾರ ಕಂಬದ ಹಿಂದೆ
ಒಂದೂವರೆ ಆಳಿನಗಲದ ಅಂಗಡಿ ನನ್ನದು.
ಒಡವೆ ಮಾರುವುದಿಲ್ಲ. ಮುರಿದದ್ದನ್ನು ಕೂಡಿಸುತ್ತೇನೆ.

ಮೊದಲ ಕಣ್ಣುಗಾಜು ಕೊಳ್ಳಲು ಮೈಸೂರಿಗೆ ಹೋದಾಗ
ಅಂಗಡಿಯವನು ಇಪ್ಪತ್ತು ಪಟ್ಟಿನದನ್ನೇ ಮುಂದಿಟ್ಟ:
"ಸೊಳ್ಳೆಯ ಮೀಸೆ ಎಣಿಸಬಹುದು, ನೋಡಿ ಮೇಡಂ."
ನೋಡಿದೆ. ನನ್ನ ಹೆಬ್ಬೆರಳು
ಈಗಷ್ಟೇ ಉತ್ತ ಗದ್ದೆ.
ಹಿಗ್ಗಿ, ಚೌಕಾಸಿಯನ್ನೂ ಮರೆತು ತಂದೆ.

ವಾಮನಾಚಾರ್ ಬೈಯಲಿಲ್ಲ. ಚಿಮಟ ಕೈಗಿತ್ತು
"ಇದರಡಿ ಒಂದು ಕೊಂಡಿ ಬೆಸೆ" ಅಂದರು.
ಗಾಜಿಗೂ ಕೊಂಡಿಗೂ ನಡುವೆ ಅರ್ಧ ಅಂಗುಲ.
ಚಿಮಟ ಎಲ್ಲಿಂದ ನುಗ್ಗಬೇಕು, ಉರಿ ಎಲ್ಲಿಂದ?
ಹುಬ್ಬು ಸುಟ್ಟು ಅಂಗಡಿಯೆಲ್ಲ
ಕೋಳಿ ಸೀದ ವಾಸನೆ.
"ನೋಡೋ ಗಾಜು ಬೇರೆ, ದುಡಿಯೋ ಗಾಜು ಬೇರೆ ಕಣಮ್ಮ.
ಪಟ್ಟು ಹೆಚ್ಚಿದಷ್ಟೂ ಹತ್ತಿರ ಬಾ ಅನ್ನುತ್ತೆ,
ಹತ್ತಿರ ಹೋದಷ್ಟೂ ಅಕ್ಕಪಕ್ಕ ಕಿತ್ತುಕೊಳ್ಳುತ್ತೆ."

ಮುಂದಿನ ಸಲ ಗ್ರಾಫ್ ಹಾಳೆಯ ಚೂರು ಒಯ್ದೆ.
ಅಂಚಿನಲ್ಲಿ ಗೆರೆ ಬಾಗಿದರೆ ಬೇಡ,
ಕರಿಗೆರೆಗೆ ನೀಲಿ ಸೆರಗು ಮೂಡಿದರೆ ಬೇಡ,
ಬಟ್ಟಲಿಗೆ ಗಾಳಿಕಿಂಡಿ ಇಲ್ಲದ್ದು ಬೇಡವೇ ಬೇಡ.
ನಮ್ಮ ಮಂಜಿನಲ್ಲಿ ಕಣ್ಣಿನ ಬಿಸಿಗೇ ಗಾಜು ಬೆವರುತ್ತದೆ.
ನಾಲ್ಕು ಪಟ್ಟಿನದೊಂದು ಕೊಂಡೆ, ದುಡಿಮೆಗೆ,
ಹತ್ತರದೊಂದು, ಮಡಚುವಂಥದು,
ಅನುಮಾನಕ್ಕೆ.

ಒಂದು ಕಣ್ಣು ಮುಚ್ಚಿ ದುಡಿದು ತಿಂಗಳಲ್ಲಿ ತಲೆನೋವು ಬಂತು.
ಎರಡನ್ನೂ ತೆರೆದಿಡು, ಅಂದರು ಆಚಾರ್.
ಈಗ ಬಲಗಣ್ಣು ಜೋಮಾಲೆಯ ಗುಂಡಿನ ಸೀಳಿನಲ್ಲಿ,
ಎಡಗಣ್ಣು ಮಾಕುಟ್ಟದ ಘಾಟಿಗೆ ಹೊರಟ ಬಸ್ಸಿನಲ್ಲಿ.
ಒಂದನ್ನೊಂದು ಕೇಳುವುದಿಲ್ಲ,
ಒಳ್ಳೆಯ ನೆರೆಹೊರೆಯವರ ಹಾಗೆ.

ದೇಚವ್ವ ಬಂದದ್ದು ಒಂದು ಬುಧವಾರ ಮಧ್ಯಾಹ್ನ,
ಕೈವಸ್ತ್ರದಲ್ಲಿ ಕೊಕ್ಕೆತಾತಿ ಸುತ್ತಿಕೊಂಡು.
ಮಗಳ ಮದುವೆ. ಹೆಡೆಯ ಹತ್ತಿರ ಕೊಂಡಿ ಸಡಿಲ.
"ಕೆಂಪು ಕಲ್ಲುಗಳನ್ನೂ ಒಮ್ಮೆ ನೋಡು" ಅಂದರು,
ಹೇಳಿದ್ದು ನನಗೆ, ನೋಡಿದ್ದು ಬೀದಿಯನ್ನು.

ಹತ್ತರದ್ದನ್ನು ಕಣ್ಣಿಗೆ ಒತ್ತಿದೆ.
ಮೊಣಕೈ ಮೇಜಿಗೂರಿ, ಬೆರಳಿಗೆ ಬೆರಳು ತಾಗಿಸಿ,
ಗಾಜನ್ನು ಒಡವೆಗಲ್ಲ, ಒಡವೆಯನ್ನು ಗಾಜಿಗೆ ತಂದೆ.
ಮೊದಲ ಕಲ್ಲಿನೊಳಗೆ ರೇಷ್ಮೆಯ ಎಳೆಗಳು, ಮಣ್ಣಿನ ನೆನಪು.
ಎರಡನೆಯದರಲ್ಲೂ.
ಮೂರರಲ್ಲಿ ಒಂದು ಗುಳ್ಳೆ.
ಗುಂಡಗೆ. ತಪ್ಪೇ ಇಲ್ಲದಷ್ಟು ಗುಂಡಗೆ.
ನಾಲ್ಕು, ಐದು: ಗುಳ್ಳೆ, ಗುಳ್ಳೆ.
ಅಂಚು ಮಡಚಿದ ಉಜ್ಜು ಎಡದಿಂದ ಬಲಕ್ಕಿಲ್ಲ,
ಬಲದಿಂದ ಎಡಕ್ಕೆ.
ಈ ಸೀಮೆಯಲ್ಲಿ ಎಡಗೈಯಲ್ಲಿ ಉಜ್ಜುತ್ತಿದ್ದವರು
ಒಬ್ಬರೇ. ಅವರ ಚಿಮಟ ನನ್ನ ಕೈಯಲ್ಲೇ ಇತ್ತು.

ಉಗುಳು ನುಂಗಿದೆ. ಗಾಜು ಇಳಿಸಲಿಲ್ಲ,
ಇಳಿಸಿದರೆ ಮುಖ ಕಾಣುತ್ತದೆ.

"ಕಂಡಿತಾ?" ಅಂದರು ದೇಚವ್ವ.
"ಮೂರನ್ನು ತೆಗೆಸಿದ್ದು ನಾನೇ. ಮೆಣಸಿನ ಬಳ್ಳಿಗೆ
ಸೊರಗು ರೋಗ ಬಂದ ವರ್ಷ. ಆಚಾರ್‌ಗೆ
ಆಣೆ ಹಾಕಿಸಿದ್ದೆ. ಪಾಪ, ಹೋಗೋವರೆಗೂ ಬಾಯಿ ಬಿಡಲಿಲ್ಲ.
ಹೇಳು, ಬರಿಗಣ್ಣಿಗೆ ಕಾಣುತ್ತಾ?"
ಇಲ್ಲ, ಅಂದೆ.
"ಆ ತಲೆಗೆ ಕಟ್ಟೋದರಲ್ಲಿ?"
ನಾಲ್ಕು ಪಟ್ಟು. ಹುಡುಕಿದರೂ ಕಷ್ಟ.
"ಇದರಲ್ಲಿ?"
ಇದರಲ್ಲಿ ಕಾಣುತ್ತೆ.
"ಸರಿ ಹಾಗಾದರೆ. ಬೀಗರು ಯಾರು
ಹತ್ತು ಪಟ್ಟು ಕಣ್ಣಿಗಿಟ್ಟುಕೊಂಡು ಉಣ್ಣೋಕೆ ಬರ್ತಾರೆ?"

ನಕ್ಕೆವು. ಆಮೇಲೆ ಕೈ ಚಾಚಿ ಕೇಳಿದರು,
ನಾನೂ ನೋಡಲಾ?
ಮೊದಲು ಅವರಿಗೆ ಅವರದೇ ರೆಪ್ಪೆ ಕಂಡಿತು.
ಹತ್ತಿರ, ಇನ್ನೂ ಹತ್ತಿರ, ಕೆನ್ನೆಗೆ ತಾಗಲಿ ಅಂದೆ.
ಹಠಾತ್ತನೆ ಉಸಿರು ನಿಂತಿತು.

ತುಂಬ ಹೊತ್ತು ನೋಡಿದರು.
"ಒಳಗೆ ಯಾರೋ ಊದಿದ ಹಾಗಿದೆ" ಅಂದರು.
ಕೊಂಡಿಗೆ ಅರವತ್ತು ರೂಪಾಯಿ. ಚಿಲ್ಲರೆ ಎಣಿಸಿ ಕೊಟ್ಟರು.

ಅವರು ಹೋದ ಮೇಲೆ ಗಾಜು ಒರೆಸಲು
ಆಚಾರರ ಹಳೇ ಬನಿಯನ್ ಚೂರು ತೆಗೆದೆ.
ಗಾಜಿನ ಮೇಲೆ ಒಂದು ರೆಪ್ಪೆಗೂದಲು, ಬೆಳ್ಳಗೆ,
ಸ್ವಲ್ಪ ಒದ್ದೆ.
ಹತ್ತು ಪಟ್ಟು ಬೇಕಿರಲಿಲ್ಲ.